ನೊವಾಕ್ ಎಂಬ ಅಡ್ಡಹೆಸರು

ಪೋಲಂಡು ದೇಶದ ಪಶ್ಚಿಮ ಮತ್ತು ದಕ್ಷಿಣ ಪ್ರಾಂತಗಳಲ್ಲಿ ಶಾಲೆಯ ಹಾಜರಿಪಟ್ಟಿಯನ್ನು ನೋಡಿದರೂ ಸರಿಯೆ, ಸ್ಮಶಾನದ ಕಲ್ಲುಗಳನ್ನು ಓದಿದರೂ ಸರಿಯೆ, ನೊವಾಕ್ ಎಂಬ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಆ ದೇಶದ ಮನೆತನದ ಹೆಸರುಗಳನ್ನು ಎಣಿಸಿದವರು ಇದಕ್ಕೇ ಮೊದಲನೆಯ ಸ್ಥಾನವನ್ನು ಕೊಟ್ಟಿದ್ದಾರೆ. ಇದನ್ನು ಧರಿಸಿದವರು ಸುಮಾರು ೨ ಲಕ್ಷ ಮಂದಿ. ಎಂದರೆ ಹೆಚ್ಚು ಕಡಮೆ ಇನ್ನೂರು ಜನರಿಗೆ ಒಬ್ಬ ನೊವಾಕ್.

ಇಷ್ಟು ಬಳಕೆಯಲ್ಲಿರುವ ಹೆಸರಿನ ಅರ್ಥವನ್ನು ವಿಚಾರಿಸಿದರೆ ದೊರೆಯುವ ಉತ್ತರ ಸೋಜಿಗವಾದುದು. ನೊವಾಕ್ ಎಂದರೆ ಹೊಸಬ. ಪೋಲಿಷ್ ಭಾಷೆಯಲ್ಲಿ ‘ನೊವಿ’ ಎಂದರೆ ಹೊಸದು. ಅದಕ್ಕೆ ‘ಆಕ್’ ಎಂಬ ಪ್ರತ್ಯಯ ಹತ್ತಿ, ಹೊಸದಾಗಿ ಬಂದವನು ಎಂಬ ನಾಮಪದವಾಯಿತು. ಲ್ಯಾಟಿನ್ನಿನ ‘ನೊವುಸ್’, ಸಂಸ್ಕೃತದ ‘ನವ’ ಇವೆಲ್ಲ ಒಂದೇ ಬೇರಿನ ಚಿಗುರುಗಳಾದುದರಿಂದ, ನವಯೌವನ, ನವಧಾನ್ಯ ಎಂಬ ಮಾತುಗಳಲ್ಲಿ ಎರಡನೆಯದನ್ನು ಬಿಟ್ಟು (ಅಲ್ಲಿಯ ‘ನವ’ ಒಂಬತ್ತು!) ಮೊದಲನೆಯದನ್ನು ಬಲ್ಲ ಕನ್ನಡಿಗನಿಗೆ ಈ ಹೆಸರಿನ ಅರ್ಧಭಾಗ ಆಗಲೇ ಪರಿಚಿತವೆನ್ನಬೇಕು.

ಹೊಸಬನೆಂಬುದು ಯಾವನೂ ತಾನಾಗಿ ಇಟ್ಟುಕೊಳ್ಳುವ ಹೆಸರಲ್ಲ. ತನ್ನ ಮಟ್ಟಿಗೆ ತಾನು ಹೊಸಬನೆನಿಸುವುದುಂಟೆ? ಆ ಹೆಸರನ್ನಿಡುವವರು ಮೊದಲೇ ನೆಲಸಿದವರು. ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ಪೋಲಂಡಿನ ಅರಸರೂ ಮಠಗಳೂ ಕಾಡು ಕಡಿಸಿ ಹೊಸ ಹಳ್ಳಿಗಳನ್ನು ಕಟ್ಟಿಸಿದರು. ಒಕ್ಕಲುಗಳು ಬರಲೆಂದು ಮೊದಲ ಕೆಲವು ವರ್ಷಗಳ ಗೇಣಿಯನ್ನು ಮನ್ನಾ ಮಾಡುತ್ತಿದ್ದರು. ಆ ಬಿಡುವಿಗೆ ‘ವೋಲ’ ಎಂದು ಹೆಸರು. ಇಂದಿಗೂ ವೋಲ ಎಂಬ ಹೆಸರಿನ ಊರುಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ‘ನೊವ ವ್ಯೆಶ್’, ಎಂದರೆ ಹೊಸಹಳ್ಳಿ, ಎಂಬ ಊರುಗಳೂ ಹಾಗೆಯೇ. ಹೊಸ ನೆಲಕ್ಕೆ ಹೊಸ ಒಕ್ಕಲು ಬರುವುದು ಆಗ ಮೆಚ್ಚಿನ ಸಂಗತಿಯಾಗಿತ್ತು.

ಮುಂದೆ ಕಾಲ ತಿರುಗಿತು. ೧೪೯೬ರಲ್ಲಿ ಪ್ಯೋತ್ರ್ಕುಫ್ ಎಂಬಲ್ಲಿ ಮಾಡಿದ ಶಾಸನಗಳು ಒಕ್ಕಲಿನ ಕಾಲಿಗೆ ಹಗ್ಗ ಕಟ್ಟಿದುವು: ಒಂದು ಹಳ್ಳಿಯಿಂದ ವರ್ಷಕ್ಕೆ ಒಬ್ಬನೇ ಹೊರಟುಹೋಗಬಹುದು, ಮಿಕ್ಕವರು ಒಡೆಯನ ನೆಲಕ್ಕೆ ಅಂಟಿಕೊಂಡೇ ಇರಬೇಕು. ವಾರದ ಇಂತಿಷ್ಟು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕೆಂಬ ಕಟ್ಟಳೆ ಬಂದು, ಆ ದಿನಗಳು ಹೆಚ್ಚುತ್ತ ಹೋದುವು. ಹೊಡೆತ ತಾಳಲಾರದೆ ರಾತ್ರೋರಾತ್ರಿ ಓಡಿಹೋದವರು ಎಷ್ಟೋ ಮಂದಿ. ಆಳಿಲ್ಲದೆ ಪರದಾಡುತ್ತಿದ್ದ ಇನ್ನೊಬ್ಬ ಒಡೆಯ ಅಂಥವನನ್ನು ಹೆಚ್ಚು ಕೇಳದೆ ಇರಿಸಿಕೊಳ್ಳುತ್ತಿದ್ದ. ಹೀಗೆ ಬಂದವನು ತನ್ನ ಊರಾವುದು, ತಂದೆ ಯಾರು ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಹಳೆಯ ಒಡೆಯನ ಕಡೆಯವರು ಹುಡುಕಿಕೊಂಡು ಬಂದಾರು. ಆತ ಸುಮ್ಮನಿರುವುದೇ ಲೇಸು. ಊರವರು ‘ಹೊಸಬ’ ಎಂದು ಕರೆಯುವುದೂ ಲೇಸೇ. ಎಲ್ಲ ನೊವಾಕರೂ ಓಡಿಬಂದವರ ಸಂತತಿಯೆಂದಲ್ಲ. ಮದುವೆಯಾಗಿ ಮಾವನ ಮನೆ ಸೇರಿದವನು, ಬೆಂಕಿಯಲ್ಲಿ ಊರು ಸುಟ್ಟು ಬಂದವನು, ಪಾಳುಬಿದ್ದ ಜಮೀನನ್ನು ಹಿಡಿದವನು, ಕಸಬಿಗೆ ಆಗತಾನೆ ಕೈಹಾಕಿದವನು, ಇವರೆಲ್ಲರಿಗೂ ಈ ಹೆಸರು ಸಲ್ಲುತ್ತಿತ್ತು. ಆದರೆ ಇಂತಹ ಕೆಲವು ಮನೆತನಗಳ ಮೊದಲಲ್ಲಿ ಕತ್ತಲೆಯಲ್ಲಿ ನಡೆದುಬಂದ ಒಬ್ಬ ಮನುಷ್ಯನಿದ್ದನೆಂದು ಊಹಿಸಿದರೆ ಅಷ್ಟು ತಪ್ಪಾಗಲಾರದು.

ಹೆಸರು ಇಷ್ಟು ಹರಡಿದ್ದಕ್ಕೂ ಕಾರಣ ಇದೇ. ಎರಡು ಲಕ್ಷ ನೊವಾಕರಿಗೆ ಒಬ್ಬ ಮೂಲಪುರುಷನಿಲ್ಲ, ಒಂದು ಗೋತ್ರವಿಲ್ಲ. ಸಾವಿರಾರು ಹಳ್ಳಿಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಹೆಸರು ಇದು. ಎರಡನೆಯ ಸ್ಥಾನದಲ್ಲಿರುವ ಕೊವಾಲ್ಸ್ಕಿ ಎಂಬುದರ ವೃತ್ತಾಂತವೂ ಸುಮಾರಾಗಿ ಇಂತಹುದೇ. ‘ಕೊವಾಲ್’ ಎಂದರೆ ಕಮ್ಮಾರ, ಕಮ್ಮಾರನಿಲ್ಲದ ಊರಿಲ್ಲ. ಆದರೆ ಕಮ್ಮಾರನ ಮಕ್ಕಳು ಹೆಸರಿನ ಕೊನೆಗೆ ‘ಸ್ಕಿ’ಯನ್ನು ಸೇರಿಸಿಕೊಂಡರು. ಈ ‘ಸ್ಕಿ’ಯ ಮಹಿಮೆ ದೊಡ್ಡದು. ತರ್ನುಫ್ ಊರಿನ ಒಡೆಯ ತರ್ನೋವ್ಸ್ಕಿ ಎನಿಸಿಕೊಂಡಂತೆ, ಕುಲೀನರು ತಮ್ಮ ಜಹಗೀರಿನ ಹೆಸರಿಗೆ ಅದನ್ನು ಸೇರಿಸುತ್ತಿದ್ದರು. ಕ್ರಮೇಣ ಊರೂ ಜಹಗೀರೂ ಇಲ್ಲದವರಿಗೂ ಅದರ ಮೇಲೆ ಆಸೆ ಹುಟ್ಟಿತು. ನೊವಾಕರಲ್ಲಿಯೂ ಕೆಲವರು ನೊವಾಕೋವ್ಸ್ಕಿಗಳಾದರು. ನೊವಾಕನ ಮಗನೆಂಬ ಅರ್ಥದಲ್ಲಿ ನೊವಾಚಿಕ್ ಎಂಬುದೂ ಹುಟ್ಟಿತು. ಬಹುಮಂದಿ ಮಾತ್ರ ಅಲಂಕಾರವಿಲ್ಲದ ನೊವಾಕರಾಗಿಯೇ ಉಳಿದರು.

ಅಡ್ಡಹೆಸರು ತಂದೆಯಿಂದ ಮಗನಿಗೆ ತಪ್ಪದೆ ಇಳಿಯಬೇಕೆಂಬ ನಿಯಮ ರೈತರಲ್ಲಿ ಬಹಳ ತಡವಾಗಿ ಗಟ್ಟಿಯಾಯಿತು. ೧೭೯೫ರ ಹೊತ್ತಿಗೆ ಪೋಲಂಡನ್ನು ಪ್ರಶ್ಯ, ಆಸ್ಟ್ರಿಯ, ರಷ್ಯಗಳು ಪೂರ್ತಿಯಾಗಿ ಹಂಚಿಕೊಂಡಿದ್ದುವು. ಕಂದಾಯಕ್ಕೂ ಸೈನ್ಯಕ್ಕೂ ಜನರನ್ನು ಹಿಡಿಯಬೇಕಾದರೆ ಹೆಸರು ನಿಲ್ಲಬೇಕು. ೧೮೦೮ರಲ್ಲಿ ವಾರ್ಸಾ ಸಂಸ್ಥಾನದಲ್ಲಿ ನೆಪೋಲಿಯನ್ನನ ಕಾಯಿದೆ ಜಾರಿಗೆ ಬಂದು, ಜನನ ಮರಣ ವಿವಾಹಗಳ ದಾಖಲೆ ಕಡ್ಡಾಯವಾಯಿತು. ಅಂದು ಪುಸ್ತಕದಲ್ಲಿ ‘ಹೊಸಬ’ನೆಂದು ಬರೆಯಿಸಿಕೊಂಡವನ ಅಜ್ಜನ ಅಜ್ಜ ಅದೇ ಊರಿನ ಮಣ್ಣಿನಲ್ಲಿ ಮಲಗಿದ್ದಿರಬಹುದು. ಮಸಿ ಒಣಗಿತು, ಹೆಸರು ನಿಂತಿತು. ಕ್ರಾಕುಫಿನ ಪಂಡಿತರಾದ ಕಜಿಮ್ಯೆಶ್ ರಿಮುತ್ ಎಂಬವರು ೧೯೯೨–೯೪ರಲ್ಲಿ ಹತ್ತು ಸಂಪುಟಗಳಲ್ಲಿ ಪೋಲಿಷ್ ಅಡ್ಡಹೆಸರುಗಳ ಕೋಶವನ್ನು ಪ್ರಕಟಿಸಿ, ಯಾವ ಹೆಸರಿನವರು ಯಾವ ಜಿಲ್ಲೆಯಲ್ಲಿ ಎಷ್ಟಿದ್ದಾರೆಂಬ ಲೆಕ್ಕವನ್ನು ಕೊಟ್ಟಿದ್ದಾರೆ. ಅಂತಹ ತಾಳ್ಮೆ ಎಲ್ಲ ದೇಶಗಳಿಗೂ ಬರಲಿ.

ಸ್ತ್ರೀಯರ ವಿಷಯದಲ್ಲಿ ಈ ಹೆಸರಿಗೊಂದು ವಿಶೇಷವುಂಟು. ಕೊವಾಲ್ಸ್ಕಿಯ ಹೆಂಡತಿಯೂ ಮಗಳೂ ಕೊವಾಲ್ಸ್ಕಾ ಆಗುತ್ತಾರೆ. ನೊವಾಕನ ಹೆಂಡತಿ ಹಿಂದೆ ನೊವಾಕೋವ, ಮಗಳು ನೊವಾಕುವ್ನ. ಹೆಸರನ್ನು ಕೇಳಿದೊಡನೆ ಮದುವೆಯಾಗಿದೆಯೋ ಇಲ್ಲವೋ ತಿಳಿದುಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ರೂಪಗಳು ಬಳಕೆ ತಪ್ಪಿ, ಹೆಂಗಸರೂ ನೊವಾಕ್ ಎಂದೇ ಬರೆದುಕೊಳ್ಳುತ್ತಾರೆ. ಆದರೂ ವ್ಯಾಕರಣ ಗುಟ್ಟು ಬಿಡುತ್ತದೆ: ಗಂಡಸಿನ ಹೆಸರಿಗೆ ದ್ವಿತೀಯಾ ವಿಭಕ್ತಿಯಲ್ಲಿ ‘ನೊವಾಕ’ ಎಂದು ಪ್ರತ್ಯಯ ಹತ್ತುತ್ತದೆ; ಹೆಂಗಸಿನದು ಯಾವ ವಿಭಕ್ತಿಗೂ ಬಾಗುವುದಿಲ್ಲ.

ನೆರೆಯ ಚೆಕ್ ಜನರಲ್ಲಿಯೂ ಸ್ಲೊವೇನಿಯದಲ್ಲಿಯೂ ಈ ಹೆಸರಿಗೇ ಅಗ್ರಸ್ಥಾನ. ಸೆರ್ಬಿಯದಲ್ಲಿ ಇದು ಮಗುವಿಗಿಡುವ ಹೆಸರು. ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಎಲ್ಲರಿಗೂ ಗೊತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಣಿಗಳಿಗೂ ಕಾರ್ಖಾನೆಗಳಿಗೂ ಹೋದ ಪೋಲಿಷರು ಜರ್ಮನಿಯ ರೂರ್ ಪ್ರಾಂತಕ್ಕೂ ಅಮೆರಿಕದ ಶಿಕಾಗೋ ನಗರಕ್ಕೂ ಇದನ್ನು ಒಯ್ದರು. ಅಲ್ಲಿ ಅವರು ಮತ್ತೊಮ್ಮೆ ನಿಜವಾಗಿಯೇ ಹೊಸಬರಾದರು.

ಹೊಸಬನ ಗುರುತಾಗಿದ್ದುದು ಗುರುತೇ ಇಲ್ಲದ ಹೆಸರಾದುದರ ಪ್ರಯೋಜನವನ್ನು ಬಲ್ಲವನು ಜ್ದಿಸ್ಲಾವ್ ಯೆಜೊರಾನ್ಸ್ಕಿ. ೧೯೧೪ರಲ್ಲಿ ಹುಟ್ಟಿದ ಈತ, ಜರ್ಮನರು ಪೋಲಂಡನ್ನು ಆಕ್ರಮಿಸಿದ್ದ ಕಾಲದಲ್ಲಿ ಗುಪ್ತಸೇನೆಯನ್ನು ಸೇರಿ, ವಾರ್ಸಾದಿಂದ ಸ್ವೀಡನ್ನಿಗೂ ಲಂಡನ್ನಿಗೂ ರಹಸ್ಯ ಪತ್ರಗಳನ್ನು ಒಯ್ಯುವ ದೂತನಾದನು. ಸಿಕ್ಕಿಬಿದ್ದರೆ ಚಿತ್ರಹಿಂಸೆ, ಮರಣ. ಅವನಷ್ಟೇ ಅಲ್ಲ, ಮನೆಯವರೂ ಉಳಿಯಲಾರರು. ಅವನ ಸ್ವಂತ ಹೆಸರೋ ‘ಸ್ಕಿ’ಯಿಂದ ಮುಗಿಯುವ, ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲುವ ಹೆಸರು. ಅವನು ಧರಿಸಿದ ಹಲವು ಹುಸಿಹೆಸರುಗಳಲ್ಲಿ ಉಳಿದುಕೊಂಡದ್ದು ಯಾನ್ ನೊವಾಕ್. ಯಾರ ಕಿವಿಯೂ ನಿಮಿರದ ಹೆಸರು. ೧೯೪೪ರ ಜುಲೈ ಕೊನೆಯಲ್ಲಿ ವಿಮಾನದಿಂದಿಳಿದು, ಆಗಸ್ಟ್ ೧ರ ದಂಗೆಗೆ ಕೆಲವೇ ದಿನ ಮುಂಚೆ ವಾರ್ಸಾ ಸೇರಿದನು. ಉರಿಯುತ್ತಿದ್ದ ನಗರದಲ್ಲಿಯೇ ಅವನ ಮದುವೆ ನಡೆಯಿತು. ದಂಗೆ ಮುರಿದುಬಿದ್ದ ಮೇಲೆ ಹೆಂಡತಿಯೊಡನೆ ದಾಖಲೆಗಳನ್ನು ಹೊತ್ತು ಪುನಃ ಲಂಡನ್ನಿಗೆ ಹೊರಟನು.

ಯುದ್ಧ ಮುಗಿದ ಮೇಲೂ ತಾಯ್ನಾಡಿಗೆ ಮರಳುವಂತಿರಲಿಲ್ಲ. ೧೯೫೨ರಿಂದ ೧೯೭೬ರ ವರೆಗೆ ಆತ ಮ್ಯೂನಿಕ್ಕಿನ ‘ರೇಡಿಯೋ ಫ್ರೀ ಯೂರೋಪ್’ ಸಂಸ್ಥೆಯ ಪೋಲಿಷ್ ವಿಭಾಗದ ಮುಖ್ಯಸ್ಥನಾಗಿದ್ದನು. ಕಮ್ಯೂನಿಸ್ಟ್ ಸರಕಾರ ಎಬ್ಬಿಸಿದ ಗರಗರ ಶಬ್ದದ ನಡುವೆ, ಬಾಗಿಲು ಹಾಕಿಕೊಂಡು ಕಿವಿಗೊಡುತ್ತಿದ್ದ ಜನರಿಗೆ ಆತ ಯಾನ್ ನೊವಾಕನೇ. ಯೆಜೊರಾನ್ಸ್ಕಿ ಯಾರೆಂದು ಬಹುಮಂದಿಗೆ ತಿಳಿಯದು. ಯುದ್ಧಕಾಲದ ಹುಸಿಹೆಸರನ್ನು ಮನೆತನದ ಹೆಸರಿನೊಡನೆ ಹೆಣೆದುಕೊಳ್ಳುವ ಪದ್ಧತಿ ಪೋಲಿಷ್ ಯೋಧರಲ್ಲಿದ್ದುದರಿಂದ, ಮುಂದೆ ಆತ ನೊವಾಕ್-ಯೆಜೊರಾನ್ಸ್ಕಿ ಎನಿಸಿಕೊಂಡನು. ೨೦೦೨ರಲ್ಲಿ ವಾರ್ಸಾಕ್ಕೆ ಹಿಂದಿರುಗಿ ನೆಲಸಿ, ೨೦೦೫ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಾಗ, ಎರವಲು ತಂದ ಹೆಸರು ಮುಂದೆ, ತಂದೆಯಿಂದ ಬಂದ ಹೆಸರು ಹಿಂದೆ ಇದ್ದುವು.