ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಳದ ಪಂದ್ಯ

ಫಿನ್ಲೆಂಡ್ ದೇಶದ ರಾಜಧಾನಿಯಾದ ಹೆಲ್ಸಿಂಕಿಯಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ ಲಹ್ತಿ ಎಂಬ ಪಟ್ಟಣವಿದೆ. ಆ ಜನರ ಭಾಷೆಯಲ್ಲಿ ಲಹ್ತಿ ಎಂದರೆ ಕೊಲ್ಲಿ. ಹೆಸರಿಗೆ ತಕ್ಕಂತೆ ಈ ಪಟ್ಟಣವು ವೆಸಿಯಾರ್ವಿ ಎಂಬ ಸರೋವರದ ದಕ್ಷಿಣದ ಕೊಲ್ಲಿಗೆ ಒರಗಿಕೊಂಡಿದೆ. ವೆಸಿ ಎಂದರೆ ನೀರು, ಯಾರ್ವಿ ಎಂದರೆ ಸರೋವರ. ಅಂತೂ ‘ನೀರಿನ ಕೆರೆ’ ಎಂದು ಅದರ ಹೆಸರಾಯಿತು. ನೀರಿಲ್ಲದ ಕೆರೆಗಳನ್ನು ಬೇಕಾದಷ್ಟು ಕಂಡಿರುವ ನಮ್ಮಂಥವರಿಗೆ ಈ ಹೆಸರಿನಲ್ಲಿ ಪುನರುಕ್ತಿದೋಷವು ತೋರಲಾರದು. ಐದುನೂರು ಚದರ ಮೀಟರಿಗೆ ಕಡಿಮೆಯಿಲ್ಲದ ಸರೋವರಗಳೇ ಆ ದೇಶದಲ್ಲಿ 1,87,888 ಇವೆಯೆಂದು ಎಣಿಸಿದ್ದಾರೆ. ಅವುಗಳಲ್ಲಿ ಸುಮಾರು 110 ಚದರ ಕಿಲೋಮೀಟರು ವಿಸ್ತಾರವುಳ್ಳ ವೆಸಿಯಾರ್ವಿಯು ದೊಡ್ಡದೂ ಅಲ್ಲ, ತೀರ ಚಿಕ್ಕದೂ ಅಲ್ಲ.

ನಮ್ಮ ಮಗಳೂ ಅಳಿಯಂದಿರೂ ಉದ್ಯೋಗನಿಮಿತ್ತವಾಗಿ ಅಲ್ಲಿ ನೆಲೆಸಿದ್ದಾರೆ. 2023ನೆಯ ಇಸವಿಯ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ನಾವು ಅವರ ಮನೆಯಲ್ಲಿ ಕಳೆದೆವು. ಒಂದು ಸಾಯಂಕಾಲ ಅಳಿಯಂದಿರು, “ಮಾವನವರೇ, ಬರುವ ಭಾನುವಾರ ಕೆರೆಯ ಮೇಲೆ ಗಾಳದ ಪಂದ್ಯವಿದೆಯಂತೆ. ತಮ್ಮ ಹೆಸರನ್ನೂ ಮಗುವಿನ ಹೆಸರನ್ನೂ ಕೊಟ್ಟು ಬಂದಿದ್ದೇನೆ” ಎಂದರು. ನಮ್ಮದು ಹೊನ್ನಾವರದ ಕಡೆಯ ಮನೆತನ. ಮೀನು ನಮ್ಮ ಅಡಿಗೆಮನೆಗೆ ಹೊಸದಲ್ಲ. ಶರಾವತಿಯ ಅಳಿವೆಯಲ್ಲಿ ಎರೆಹುಳು ಚುಚ್ಚಿದ ಗಾಳವನ್ನು ಹಿಡಿದು ಬಾಲ್ಯದ ಎಷ್ಟೋ ಭಾನುವಾರಗಳನ್ನು ಕಳೆದವರು ನಾವು. ಆದರೆ ನಮ್ಮ ತಾಯಿಯವರದು ಒಂದು ಕಟ್ಟಳೆ ಇತ್ತು: ಒಲೆಗೆ ಬಾರದ ಮೀನನ್ನು ಹಿಡಿಯಕೂಡದು. ತಕ್ಕಡಿಯಲ್ಲಿಟ್ಟು ಬಹುಮಾನ ಹಂಚುವುದಕ್ಕೋಸ್ಕರ ಜೀವಗಳನ್ನು ತೆಗೆಯುವುದೆಂದರೆ ನಮ್ಮ ಮನಸ್ಸು ಹಿಂಜರಿಯಿತು. “ತೂಕವಾದ ಮೇಲೆ ಆ ಮೀನುಗಳ ಗತಿಯೇನು? ಅದು ತಿಳಿಯದೆ ನಾವು ಗಾಳ ಮುಟ್ಟುವವರಲ್ಲ” ಎಂದೆವು.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರವಿದೆ. ಅಲ್ಲಿಯ ನದಿ ಕೊಳಗಳ ಮೀನುಗಳಲ್ಲಿ ಸಾಲ್ಮನ್, ಟ್ರೌಟ್ ಮುಂತಾದವು ಕುಲೀನವೆಂದೂ ಮಿಕ್ಕವೆಲ್ಲ ಒರಟು ಮೀನುಗಳೆಂದೂ ಎರಡು ಜಾತಿ ಮಾಡಿದ್ದಾರೆ. ಒರಟು ಮೀನುಗಳ ಪಂದ್ಯದಲ್ಲಿ ಹಿಡಿದುದನ್ನು ನೀರಿನಲ್ಲಿಳಿಬಿಟ್ಟ ಬಲೆಚೀಲದಲ್ಲಿ ಜೀವಂತವಾಗಿಟ್ಟು, ಕೊನೆಯಲ್ಲಿ ತೂಗಿ, ಮರಳಿ ಬಿಟ್ಟುಬಿಡುವುದು ಅಲ್ಲಿಯ ವಾಡಿಕೆ. ದಿನವೆಲ್ಲ ಸೆರೆಯಲ್ಲಿಟ್ಟು ಬಿಡುಗಡೆ ಮಾಡುವ ಈ ದಯೆಯನ್ನು ನಾವು ಅಷ್ಟಾಗಿ ಮೆಚ್ಚಲಾರೆವು. ಹೆಪ್ಪುಗಟ್ಟಿದ ಸರೋವರದ ಮೇಲಂತೂ ಅದಕ್ಕೆ ಅವಕಾಶವೇ ಇಲ್ಲ. ಮೇಲೆ ಬಂದ ಮೀನು ಅಲ್ಲಿಯ ಚಳಿಗೆ ಕ್ಷಣಮಾತ್ರದಲ್ಲಿ ಕೊರಡಾಗುತ್ತದೆ.

ಮರುದಿನ ಅಳಿಯಂದಿರು ವಿಚಾರಿಸಿಕೊಂಡು ಬಂದರು. ಹಿಡಿದವರು ತಮ್ಮ ಮೀನನ್ನು ಮನೆಗೆ ಒಯ್ಯಬಹುದು, ಬೇಡವೆಂದವರದನ್ನು ಒಂದು ಪೆಟ್ಟಿಗೆಗೆ ಹಾಕಿಸಿ ಬೇಕಾದವರಿಗೆ ಕೊಡುತ್ತಾರೆ, ಯಾವುದನ್ನೂ ಚೆಲ್ಲುವುದಿಲ್ಲ. ಇಷ್ಟೇ ಆಗಿದ್ದರೂ ನಮಗೆ ಸಾಕಾಗಿತ್ತು. ಆದರೆ ಅವರು ಮತ್ತೊಂದು ಮಾತನ್ನು ತಂದಿದ್ದರು: “ಈ ಕೆರೆಯಿಂದ ಸಾರ್ಕಿ ಮೀನನ್ನು ತೆಗೆದಷ್ಟೂ ಕೆರೆಗೆ ಒಳ್ಳೆಯದಂತೆ.” ಮೀನನ್ನು ತೆಗೆದರೆ ಕೆರೆಗೆ ಒಳ್ಳೆಯದಾಗುವುದು ಹೇಗೆ? ಈ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಪಟ್ಟಣವು ಬೆಳೆದಂತೆಲ್ಲ ಅದರ ಕೊಳೆನೀರು ಬಹುಕಾಲ ಈ ಸರೋವರಕ್ಕೇ ಹರಿಯುತ್ತಿದ್ದಿತು. ಕೊಳೆಯಲ್ಲಿರುವ ರಂಜಕವು ಪಾಚಿಗೆ ಗೊಬ್ಬರ. ನೀರು ಹಸುರಾಗಿ, ನಾರತೊಡಗಿ, ಮೀಯುವುದಕ್ಕೂ ಅಯೋಗ್ಯವಾಯಿತು. 1976ರಲ್ಲಿ ಕೊಳೆನೀರನ್ನು ಬೇರೆಡೆಗೆ ತಿರುಗಿಸಿದರು. ಇಷ್ಟಾದರೆ ಕೆರೆ ತಿಳಿಯಾಗಬೇಕಷ್ಟೆ? ಆಗಲಿಲ್ಲ. 1980ರ ದಶಕದಲ್ಲಿಯೂ ಬೇಸಗೆ ಬಂತೆಂದರೆ ವಿಷಪಾಚಿಯು ಕೆನೆಗಟ್ಟುತ್ತಲೇ ಇತ್ತು. ಕಾರಣವನ್ನು ಹುಡುಕುತ್ತ ವಿದ್ವಾಂಸರು ಮೀನುಗಳ ಕಡೆಗೆ ನೋಡಿದರು. ಕಣ್ಣಿಗೆ ಕಾಣಿಸದಷ್ಟು ಸಣ್ಣ ನೀರ್ಪ್ರಾಣಿಗಳು ಪಾಚಿಯನ್ನು ಮೇಯುತ್ತವೆ. ಸಾರ್ಕಿ ಮೊದಲಾದ ಮೀನುಗಳು ಆ ಪ್ರಾಣಿಗಳನ್ನೇ ತಿಂದುಹಾಕುತ್ತವೆ. ಅಷ್ಟೇ ಅಲ್ಲದೆ ತಳದ ಕೆಸರನ್ನು ಕೆದಕಿ ಅಲ್ಲಿ ಹುದುಗಿದ್ದ ರಂಜಕವನ್ನು ಮತ್ತೆ ನೀರಿಗೆ ಸೇರಿಸುತ್ತವೆ. ಮಲಿನವಾದ ನೀರಿನಲ್ಲಿ ಈ ಜಾತಿಯೇ ಮಿತಿಮೀರಿ ಹೆಚ್ಚಿದ್ದಿತು. ಆದಕಾರಣ 1989ರಿಂದ 1993ರ ವರೆಗೆ ದೊಡ್ಡ ಬಲೆಗಳನ್ನು ಎಳೆದು ಸಾವಿರ ಟನ್ನಿಗೂ ಮೇಲ್ಪಟ್ಟು ಮೀನನ್ನು ಹೊರತೆಗೆದರು. ಪಾಚಿ ಇಳಿಯಿತು, ನೀರು ತಿಳಿಯಿತು. ಆ ಬಳಿಕವೂ ಕೆರೆ ಆಗಾಗ್ಗೆ ಕಾಯಿಲೆ ಬಿದ್ದುದುಂಟು, ಉಪಚಾರವೂ ನಡೆದೇ ಇದೆ. ತಥಾಪಿ 2021ರಲ್ಲಿ ಯೂರೋಪಿನ ‘ಹಸಿರು ರಾಜಧಾನಿ’ ಎಂಬ ಬಿರುದು ಈ ಪಟ್ಟಣಕ್ಕೆ ದೊರೆಯಿತು. 2017ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿಯೇ ಎದ್ದುದನ್ನು ಪತ್ರಿಕೆಗಳಲ್ಲಿ ಕಂಡಿದ್ದ ನಾವು ಈ ವೃತ್ತಾಂತವನ್ನು ಎರಡು ಸಲ ಹೇಳಿಸಿಕೊಂಡು ಕೇಳಿದೆವು.

ಪಂದ್ಯದ ದಿನ ಬೆಳಿಗ್ಗೆ ಶೂನ್ಯಕ್ಕಿಂತ 11 ಡಿಗ್ರಿ ಕೆಳಗಿನ ಚಳಿ. ಮೈಮೇಲೆ ಐದು ಸುತ್ತು ಬಟ್ಟೆ; ಕೊರಳಲ್ಲಿ ಹಗ್ಗದಿಂದ ಕಟ್ಟಿದ ಎರಡು ಮೊಳೆಹಿಡಿಗಳು. ನಸ್ಕಲಿ ಎಂದು ಇವುಗಳ ಹೆಸರು. ಹಿಮ ಒಡೆದು ನೀರಿಗೆ ಬಿದ್ದವನು ಎರಡೂ ಕೈಗಳಿಂದ ಇವನ್ನು ಗಡ್ಡೆಗೆ ನಾಟಿ ಮೈಯನ್ನು ಮೇಲಕ್ಕೆಳೆದುಕೊಳ್ಳತಕ್ಕದ್ದು. ತಾಳಿಯಂತೆ ಕಟ್ಟಿಕೊಂಡ ಈ ಆಭರಣವು ನಮ್ಮ ಧೈರ್ಯವನ್ನು ಹೆಚ್ಚಿಸಿತೆನ್ನಲಾರೆವು. ಅಂದು ಗಡ್ಡೆಯ ದಪ್ಪ 45 ಸೆಂಟಿಮೀಟರು. ಹೊಸದಾಗಿ ಕಟ್ಟಿದ ಗಟ್ಟಿ ಹಿಮವಾದರೆ ಒಬ್ಬ ಮನುಷ್ಯನನ್ನು ಹೊರಲು ಐದೇ ಸೆಂಟಿಮೀಟರು ಸಾಕೆನ್ನುತ್ತಾರೆ. ಏಪ್ರಿಲಿನ ಹಿಮವನ್ನು ಮಾತ್ರ ನಂಬಲಾಗದು. ಬಿಸಿಲಿಗೆ ಅದು ಒಳಗೊಳಗೇ ನಿಂತ ಸೂಜಿಗಳಂತೆ ಬಿಡಿಬಿಡಿಯಾಗಿ, ದಪ್ಪವಿದ್ದರೂ ಕಾಲಿಟ್ಟೊಡನೆ ಕುಸಿಯುತ್ತದೆ.

ಗಡ್ಡೆಯ ಕೆಳಗೆ ಮೀನು ಬದುಕಿರುವುದೇ ಒಂದು ಚೋದ್ಯ. ಮಿಕ್ಕ ದ್ರವಗಳು ತಣ್ಣಗಾದಷ್ಟೂ ಭಾರವಾದರೆ, ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರವಾಗಿ, ಅದಕ್ಕಿಂತ ತಣ್ಣಗಾದರೆ ಪುನಃ ಹಗುರಾಗುತ್ತದೆ. ಆದಕಾರಣ ಹೆಪ್ಪು ಮೇಲಿನಿಂದ ಕಟ್ಟುತ್ತದೆ. ಅದೇ ಕಂಬಳಿಯಾಗಿ ತಳದ ನೀರನ್ನು ಕಾಯುತ್ತದೆ. ಈ ಒಂದು ವಕ್ರತೆಯಿಲ್ಲದಿದ್ದರೆ ಉತ್ತರದೇಶದ ಕೆರೆಗಳು ತಳದಿಂದಲೇ ಕಲ್ಲಾಗುತ್ತಿದ್ದವು.

ಸೀಟಿ ಊದಿದೊಡನೆ ಇನ್ನೂರಕ್ಕೆ ಕಡಿಮೆಯಿಲ್ಲದ ಜನ ಹಿಮದ ಬಯಲಿನಲ್ಲಿ ಚದುರಿದರು. ನಾಲ್ಕು ಗಂಟೆಗಳ ಅವಧಿ. ಯಂತ್ರದ ಬೈರಿಗೆಗೆ ಅಪ್ಪಣೆಯಿಲ್ಲ. ಕೈಯಿಂದ ತಿರುಗಿಸಿಯೇ ತೂತು ಕೊರೆಯಬೇಕು. ನಮ್ಮ ಮೊದಲ ತೂತಿಗೆ ಆದ ಶ್ರಮದಲ್ಲಿ ಐದು ಸುತ್ತು ಬಟ್ಟೆಯಲ್ಲಿ ಎರಡು ಸುತ್ತು ಹೆಚ್ಚಾಯಿತು. ತೂತಿನೊಳಗೆ ತುಂಬಿಕೊಳ್ಳುವ ಹಿಮದ ಚೂರನ್ನು ನಮ್ಮ ಬೋಂಡ ಎತ್ತುವ ಜಾಲರಿ ಸೌಟಿನಂಥದೇ ಸೌಟಿನಿಂದ ಮೊಗೆದು ತೆಗೆಯುತ್ತಾರೆ. ಗಾಳದ ಕೋಲು ಗೇಣೂವರೆಯಷ್ಟೇ ಉದ್ದ. ಕೂದಲಿನಂಥ ದಾರ, ಅದರ ತುದಿಯಲ್ಲಿ ಮೀನಿನ ಮರಿಯಂತೆ ಹೊಳೆಯುವ ಲೋಹದ ತುಂಡು, ಪಿಲ್ಕಿ ಎಂದು ಅದಕ್ಕೆ ಹೆಸರು. ಅದರ ಕೆಳಗೆ ಪುಟ್ಟ ಕೊಕ್ಕೆಗೆ ಚುಚ್ಚಿದ ನೊಣದ ಹುಳು. ತಳ ಮುಟ್ಟಿಸಿ, ಅಂಗೈಯಗಲ ಮೇಲೆತ್ತಿ, ಮೆಲ್ಲನೆ ಅಲುಗಿಸುತ್ತಿರಬೇಕು.

ಅಳಿವೆಯಲ್ಲಿ ಕಲಿತ ವಿದ್ಯೆಯನ್ನು ನಾವು ಪ್ರಯೋಗಿಸಿದೆವು. ಎಂದರೆ ಒಂದೆಡೆ ಕುಳಿತು ಕಾದೆವು. ಮುಕ್ಕಾಲು ಗಂಟೆಯಾದರೂ ದಾರ ಮಿಸುಕಲಿಲ್ಲ. ಸಮೀಪದಲ್ಲಿದ್ದ ಎಪ್ಪತ್ತು ದಾಟಿದ ವೃದ್ಧೆಯೊಬ್ಬರು ಅಷ್ಟರಲ್ಲಿ ಒಂಬತ್ತು ತೂತು ಕೊರೆದು ಒಂಬತ್ತನ್ನೂ ಬಿಟ್ಟು ಹತ್ತನೆಯದರಲ್ಲಿ ಕುಳಿತಿದ್ದರು. ಅವರು ನಮ್ಮ ಮೊಮ್ಮಗನನ್ನು ಕರೆದು ಏನನ್ನೋ ಹೇಳಿದರು. ಅವನು ಓಡಿಬಂದು, “ಅಜ್ಜ, ಅಹ್ವೆನ್ ಮೀನು ಗುಂಪಿನಲ್ಲಿ ತಿರುಗುತ್ತದಂತೆ. ಅದು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನೀವೇ ಹೋಗಬೇಕಂತೆ” ಎಂದನು. ಅಹ್ವೆನ್ ಎಂಬುದು ಮೈಮೇಲೆ ಕಪ್ಪು ಪಟ್ಟೆ, ಕೆಂಪು ಈಜುರೆಕ್ಕೆ, ಬೆನ್ನಿನಲ್ಲಿ ಮುಳ್ಳುಗಳುಳ್ಳ ಮೀನು. ಆ ದೇಶದ ರಾಷ್ಟ್ರಮತ್ಸ್ಯ. ನಾವು ಎದ್ದು ಬೈರಿಗೆ ಹೊತ್ತೆವು. ಐದನೆಯ ತೂತಿನಲ್ಲಿ ಕೋಲಿನ ತುದಿ ನಡುಗಿತು. ಅರವತ್ತರ ವಯಸ್ಸಿನಲ್ಲಿ ಆ ನಡುಕವು ಬೆರಳಿನಿಂದ ಎದೆಗೆ ಏರುವ ಬಗೆಯು ಹತ್ತರ ವಯಸ್ಸಿನಲ್ಲಿದ್ದಂತೆಯೇ ಇರುತ್ತದೆ.

ನಡುಹಗಲಿಗೆ ಕೆರೆಯು ಒಮ್ಮೆಲೇ ಗುಡುಗಿತು. ದೂರದ ಕೊಲ್ಲಿಯಿಂದ ನಮ್ಮ ಕಾಲಡಿಯ ವರೆಗೆ ಶಬ್ದವು ಉರುಳಿಕೊಂಡು ಬಂದಿತು. ನಾವು ಕೊರಳಿನ ಮೊಳೆಗಳಿಗೆ ಕೈಹಾಕಿದುದನ್ನು ಕಂಡು ವೃದ್ಧೆಯವರು ನಕ್ಕರು. ಚಳಿ ಬಿಸಿಲುಗಳಿಗೆ ಗಡ್ಡೆಯು ಕುಗ್ಗಿ ಹಿಗ್ಗುವ ಸದ್ದಂತೆ. ಗಟ್ಟಿ ಹಿಮವೇ ಹೀಗೆ ಮಾತಾಡುವುದಂತೆ. ತಾವು ಹುಡುಗಿಯಾಗಿದ್ದಾಗ ಈ ಮಾತು ಇನ್ನೂ ಹೆಚ್ಚು ದಿನ ಕೇಳಿಸುತ್ತಿತ್ತೆಂದೂ ಅವರು ಹೇಳಿದರು. ಇದು ಬರಿಯ ಮುಪ್ಪಿನ ಮಾತಲ್ಲ. ಆ ದೇಶದ ಉತ್ತರದಲ್ಲಿ ತೋರ್ನಿಯೋ ನದಿಯ ಹಿಮ ಒಡೆಯುವ ದಿನವನ್ನು 1693ರಿಂದ ಬರೆದಿಡುತ್ತ ಬಂದಿದ್ದಾರೆ. ಆ ದಿನ ಕ್ರಮೇಣ ಮುಂಚಿತವಾಗುತ್ತ ಬಂದಿರುವುದನ್ನು ಆ ಲೆಕ್ಕವೇ ತೋರಿಸುತ್ತದೆ. ಹಿಮ ತೆಳುವಾದ ವರ್ಷಗಳಲ್ಲಿ ಇಂಥ ಪಂದ್ಯಗಳನ್ನು ಮುಂದಕ್ಕೆ ಹಾಕುವುದೂ ನಿಲ್ಲಿಸುವುದೂ ಉಂಟು.

ಸೀಟಿ ಮತ್ತೆ ಊದಿತು. ದಡದಲ್ಲಿ ಮೇಜು, ತಕ್ಕಡಿ. ಗೆದ್ದವರ ಚೀಲ ಆರು ಕಿಲೋಗ್ರಾಮಿಗೆ ಮೇಲಿತ್ತು. ಅದರಲ್ಲಿ ಮುಕ್ಕಾಲು ಪಾಲು ಸಾರ್ಕಿಯೇ. ನಮ್ಮ ಸರದಿ ಬಂದಾಗ ತೂಗುವಾತನು ದೊಡ್ಡ ಕಂಠದಿಂದ ‘ನೆಲ್ಯಾಸತಾ’ ಎಂದು ಮೊದಲಾಗಿ ಏನನ್ನೋ ಕೂಗಿದನು. ನಾವು ಬೆಚ್ಚಿದೆವು. ಸತಾ ಎಂದರೆ ನೂರು, ನಮ್ಮ ಶತವೇ! ಫಿನ್ನಿಶ್ ಭಾಷೆಯು ಸಂಸ್ಕೃತದ ಕುಲಕ್ಕೆ ಸೇರಿದುದಲ್ಲ. ಆದರೂ ಸಾವಿರಾರು ವರ್ಷಗಳ ಹಿಂದೆ ಎಲ್ಲಿಯೋ ನೆರೆಹೊರೆಯಾಗಿದ್ದ ಕಾಲದಲ್ಲಿ ನಮ್ಮ ಕಡೆಯ ಭಾಷೆಗಳಿಂದ ಈ ಶಬ್ದವನ್ನು ಅವರು ಕೊಂಡರೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸುತ್ತಿಗೆಗೆ ಅವರು ಹೇಳುವ ‘ವಸರ’ ಎಂಬುದೂ ವಜ್ರಶಬ್ದದ ಬಂಧುವೇ. ಹನ್ನೊಂದು ಮೀನು, 412 ಗ್ರಾಮು. ಸ್ಥಾನದ ವಿಚಾರವನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಮೊಮ್ಮಗನಿಗೆ ಒಂದು ಚಾಕೊಲೇಟು, ನಮಗೆ ಒಂದು ಪೊಟ್ಟಣ ಕಾಫಿಪುಡಿ ಸಿಕ್ಕಿತು.

ಬೇಡವಾದ ಮೀನಿನ ಪೆಟ್ಟಿಗೆಯ ಬಳಿಯೂ ಹೋಗಿ ನೋಡಿದೆವು. ಅದರಲ್ಲಿ ಇದ್ದುದೆಲ್ಲ ಸಾರ್ಕಿ. ಇದು ನಮ್ಮ ರೋಹು, ಕಾಟ್ಲಾಗಳ ವಂಶದ್ದೇ. ಆದರೆ ಗೇಣುದ್ದದ ಮೈಯಲ್ಲಿ ತುಂಬ ಕೂದಲಂಥ ಮುಳ್ಳು. ಆದುದರಿಂದ ಬಹುಕಾಲ ಇದನ್ನು ಕಸದ ಮೀನೆಂದು ಎಣಿಸುತ್ತಿದ್ದರು. ಈಗೀಗ ಡಬ್ಬಿಗೆ ತುಂಬಿಯೂ, ಅರೆದು ವಡೆ ಮಾಡಿಯೂ ಮಾರುತ್ತಾರೆ. ಕೇಳಿ ಎರಡು ಕಿಲೋಗ್ರಾಮಿನಷ್ಟನ್ನು ನಾವು ಚೀಲಕ್ಕೆ ಹಾಕಿಸಿಕೊಂಡೆವು.

ಮನೆಯಲ್ಲಿ ಮಗಳು ಅದನ್ನು ಕಂಡು ಹಿಂಜರಿಯಲಿಲ್ಲ. ಮುಳ್ಳಿನ ಮೀನಿಗೆ ಅವಳ ಅಜ್ಜಿ ಮಾಡುತ್ತಿದ್ದಂತೆ ಎರಡು ಪಕ್ಕೆಗೂ ಒತ್ತೊತ್ತಾಗಿ ಗೀರು ಹಾಕಿ, ಊರಿನಿಂದ ತಂದ ಮುರುಗಲಿನ ಹುಳಿ, ಮೆಣಸು, ಅರಿಸಿನಗಳನ್ನು ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದಳು. ಗೀರು ಹಾಕಿದಲ್ಲಿ ಮುಳ್ಳು ಕತ್ತರಿಸಿ ಗರಿಗರಿಯಾಗಿ ಬೆಂದಿತು. ಒಂದು ತಟ್ಟೆಯನ್ನು ಆ ವೃದ್ಧೆಯವರ ಮನೆಗೂ ಕಳುಹಿಸಿದೆವು. ಅವರ ಮನೆ ಎರಡೇ ಬೀದಿಗಳಾಚೆ. ಮರುದಿನ ತಟ್ಟೆಯ ಜತೆಗೆ ಒಂದು ಗಾಜಿನ ಭರಣಿ ಬಂದಿತು: ಎಣ್ಣೆ, ಟೊಮೇಟೊಗಳಲ್ಲಿ ಮುಳ್ಳು ಕರಗುವ ವರೆಗೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ಸಾರ್ಕಿ. ಆ ಕೆಂಪು ಹುಳಿಯ ಸಿಪ್ಪೆ ಯಾವ ಹಣ್ಣಿನದು, ಲಹ್ತಿಯಲ್ಲಿ ಎಲ್ಲಿ ಸಿಕ್ಕುತ್ತದೆ ಎಂದು ಚೀಟಿಯಲ್ಲಿ ಕೇಳಿದ್ದರು. ಮಗಳು ತನ್ನ ಡಬ್ಬಿಯಿಂದ ಅರ್ಧದಷ್ಟು ಮುರುಗಲನ್ನು ಭರಣಿಗೆ ತುಂಬಿ ಮಗನ ಕೈಯಲ್ಲಿ ಕಳುಹಿಸಿದಳು.