ದನಿಯ ಹಗೇವು

ಬಯಲುಸೀಮೆಯ ಬದುಕು ಕೂಡಿಟ್ಟುಕೊಳ್ಳುವವರ ಬದುಕು. ಮಲೆನಾಡಿನಲ್ಲಿ ಮಳೆ ವರ್ಷವರ್ಷವೂ ತಾನಾಗಿಯೇ ಬರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅದನ್ನು ಕಾಯಬೇಕು. ಕರ್ನಾಟಕದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಇವೂ ಸೇರಿವೆ. ಒಂದು ಒಳ್ಳೆಯ ವರ್ಷ ಬೆಳೆದುದು ಎರಡು ಕೆಟ್ಟ ವರ್ಷಗಳನ್ನು ದಾಟಿಸಬೇಕು. ಆದುದರಿಂದಲೇ ನಮ್ಮ ಹಿರಿಯರು ನೆಲದೊಳಗೆ ಹಗೇವುಗಳನ್ನು ತೋಡಿದರು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ಒಣಗಿದ ಜೋಳವನ್ನು ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ತೆರೆಯುವಾಗ ಯಾರೂ ಥಟ್ಟನೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ದೀಪವೊಂದನ್ನು ಇಳಿಸಿ, ಅದು ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಇಡುವುದಕ್ಕೆ ಒಂದು ಕ್ರಮ, ತೆಗೆಯುವುದಕ್ಕೆ ಒಂದು ಕ್ರಮ. ಕ್ರಮ ತಪ್ಪಿದರೆ ಜೋಳವೂ ಉಳಿಯದು, ಜೀವವೂ ಉಳಿಯದು.

ನಾನು ಹೇಳಹೊರಟಿರುವುದು ಜೋಳದ ಹಗೇವಿನ ಮಾತಲ್ಲ. ದನಿಯನ್ನು ಕೂಡಿಡುವ ಹಗೇವೊಂದನ್ನು ನಾವು ಐದಾರು ಮಂದಿ ಈ ಸೀಮೆಯಲ್ಲಿ ಕಟ್ಟಿಕೊಂಡಿದ್ದೇವೆ, ಅದರ ಮಾತು.

ಹವ್ಯಾಸಿ ಬಾನುಲಿ ಎಂಬುದೊಂದು ಉಂಟು. ರೂಢಿಯಲ್ಲಿ ಅದನ್ನು ಹ್ಯಾಮ್ ರೇಡಿಯೊ ಎನ್ನುತ್ತಾರೆ. ಆಕಾಶವಾಣಿಯಲ್ಲಿ ಒಬ್ಬರು ನುಡಿಯುತ್ತಾರೆ, ಲಕ್ಷಾಂತರ ಮಂದಿ ಕೇಳುತ್ತಾರೆ. ಇಲ್ಲಿ ಹಾಗಲ್ಲ, ಕೇಳುವವನೇ ನುಡಿಯುವವನು. ಭಾರತ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದವನಿಗೆ ಒಂದು ಕರೆಸಂಕೇತ ದೊರೆಯುತ್ತದೆ. ನಮ್ಮ ದೇಶದ ಸಂಕೇತಗಳು ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ತೊಡಗುತ್ತವೆ. ಅನಂತರ ಅವನು ತಂತಿಯೊಂದನ್ನು ಬೇವಿನ ಮರಕ್ಕೂ ಮನೆಯ ಮಾಳಿಗೆಗೂ ಬಿಗಿದು, ರಾತ್ರಿ ಕುಳಿತು, ಜಪಾನಿನವನೊಡನೆಯೋ ಇಟಲಿಯವನೊಡನೆಯೋ ಮಾತನಾಡಬಹುದು. ಆದರೆ ಈ ಮಾತಿನಿಂದ ಹಣ ಗಳಿಸುವಂತಿಲ್ಲ, ವ್ಯಾಪಾರ ನಡೆಸುವಂತಿಲ್ಲ, ಗುಪ್ತಭಾಷೆಯಲ್ಲಿ ನುಡಿಯುವಂತಿಲ್ಲ. ಗಾಳಿಯಲ್ಲಿ ಆಡಿದ್ದು ಎಲ್ಲರಿಗೂ ಕೇಳಿಸಬೇಕು ಎಂಬುದು ಈ ಹವ್ಯಾಸದ ಧರ್ಮ.

ಇದರಿಂದ ಪ್ರಯೋಜನವೇನು ಎಂದು ಕೇಳುವವರುಂಟು. ಅವರಿಗೆ ನಾನು 2004ನೆಯ ಇಸವಿಯ ಡಿಸೆಂಬರ್ ತಿಂಗಳನ್ನು ನೆನಪಿಸುತ್ತೇನೆ. ಆ ತಿಂಗಳು ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದಲ್ಲಿ ಹವ್ಯಾಸಿಗಳ ತಂಡವೊಂದು ಅಂಡಮಾನಿಗೆ ಹೋಗಿತ್ತು. ದೂರದ ದ್ವೀಪದಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಅವರ ಉದ್ದೇಶ. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿತು. ದೂರವಾಣಿ ಸತ್ತಿತು. ಪೋರ್ಟ್ ಬ್ಲೇರ್ ಎಂದು ಅಂದು ಕರೆಯುತ್ತಿದ್ದ ಆ ಊರಿನಿಂದ, ಯಾರು ಬದುಕಿದ್ದಾರೆ, ಯಾರ ಸುದ್ದಿಯಿಲ್ಲ ಎಂಬ ಸಂದೇಶಗಳು ಆ ಹವ್ಯಾಸಿಗಳ ಯಂತ್ರದ ಮೂಲಕ ಹೊರಬಿದ್ದವು. ಆಟವೆಂದು ಕಲಿತ ವಿದ್ಯೆ ಆಪತ್ತಿನಲ್ಲಿ ದೋಣಿಯಾಯಿತು.

ಬಾನುಲಿಯ ಮಾತಿಗೆ ಒಂದು ದೋಷವಿದೆ. ಅದು ಆಡಿದ ಕ್ಷಣದಲ್ಲಿಯೇ ಇಲ್ಲವಾಗುತ್ತದೆ. ಅದಕ್ಕಾಗಿ ಹವ್ಯಾಸಿಗಳು ದಿನಚರಿ ಬರೆಯುತ್ತಾರೆ. ಯಾವ ದಿನ, ಯಾವ ಹೊತ್ತು, ಯಾವ ಕಂಪನಾಂಕ, ಎದುರಿಗೆ ಯಾರು, ದನಿ ಎಷ್ಟು ಸ್ಪಷ್ಟ ಎಂಬ ವಿವರಗಳೆಲ್ಲ ಒಂದು ಸಾಲಿನಲ್ಲಿ ಅಡಗುತ್ತವೆ. ಮಾತು ಮುಗಿದ ಮೇಲೆ ಪರಸ್ಪರ ಅಂಚೆ ಕಾರ್ಡು ಕಳುಹಿಸುವುದೂ ವಾಡಿಕೆ. ಹವ್ಯಾಸಿಯೊಬ್ಬ ತೀರಿಕೊಂಡರೆ ಅವನನ್ನು ಸತ್ತನೆನ್ನುವುದಿಲ್ಲ. 'ಸೈಲೆಂಟ್ ಕೀ', ಎಂದರೆ ಅವನ ಕೀಲಿ ಮೌನವಾಯಿತು ಎನ್ನುತ್ತಾರೆ. ತಂತಿಯ ಕಟಕಟ ಶಬ್ದದಲ್ಲಿ ಮಾತನಾಡಿದವರಿಗೆ ಇದಕ್ಕಿಂತ ಗೌರವದ ಮಾತು ಇನ್ನೊಂದಿಲ್ಲ.

ನಮ್ಮ ಹಿರಿಯ ಮಿತ್ರರೊಬ್ಬರು ಹೀಗೆ ಮೌನವಾದರು. ಈ ಸೀಮೆಯಲ್ಲಿ ನಮಗೆಲ್ಲ ಮಾರ್ಸ್ ಸಂಕೇತವನ್ನು ಮೇಜಿನ ಮೇಲೆ ಬೆರಳು ಬಡಿದು ಕಲಿಸಿದವರು ಅವರು. ಮೂವತ್ತು ವರ್ಷಗಳ ಅವರ ದಿನಚರಿ 17 ದಪ್ಪ ಪುಸ್ತಕಗಳಲ್ಲಿತ್ತು. ಮನೆಯವರಿಗೆ ಅದು ಅರ್ಥವಾಗದ ಅಂಕಿಗಳ ರಾಶಿ. ಮನೆ ಖಾಲಿ ಮಾಡುವಾಗ ಆ ಪುಸ್ತಕಗಳನ್ನೂ ಕಾರ್ಡುಗಳ ಕಟ್ಟುಗಳನ್ನೂ ಹಳೆಯ ಪತ್ರಿಕೆಗಳೊಡನೆ ರದ್ದಿಗೆ ಹಾಕಿದರು. ಅವರನ್ನು ನಿಂದಿಸಲಾಗದು, ಬೆಲೆ ತಿಳಿಯದ ವಸ್ತುವನ್ನು ಯಾರು ತಾನೇ ಕಾಯುತ್ತಾರೆ? ಸುದ್ದಿ ತಿಳಿದು ನಾವು ರದ್ದಿಯ ಅಂಗಡಿಗೆ ಹೋದಾಗ 11 ಪುಸ್ತಕಗಳು ಸಿಕ್ಕಿದವು. ಉಳಿದ 6 ಆಗಲೇ ಕಡಲೆಕಾಯಿಯ ಪೊಟ್ಟಣಗಳಾಗಿ ಸಂತೆಯಲ್ಲಿ ಹಂಚಿಹೋಗಿದ್ದವು. ಚಳ್ಳಕೆರೆಯ ಸಂತೆಯಲ್ಲಿ ಕಡಲೆಕಾಯಿ ತಿಂದವರಾರೋ ಆರು ವರ್ಷವೋ ಹತ್ತು ವರ್ಷವೋ ನಡೆದ ಸಂಭಾಷಣೆಯನ್ನು ಮಡಿಸಿ ಎಸೆದರು.

ಸಿಕ್ಕಿದ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವ ಬಗೆ ಯಾವುದು ಎಂಬ ಚಿಂತೆಯಿಂದ ನಮ್ಮ ಹಗೇವು ಹುಟ್ಟಿತು. ನಮ್ಮಲ್ಲಿ ಒಬ್ಬರು ಕಂಬಳಿಯ ವ್ಯಾಪಾರಿ, ಒಬ್ಬರು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರು, ಒಬ್ಬರು ವಿದ್ಯುತ್ ಕಂಬ ಹತ್ತುವ ಲೈನ್‌ಮನ್, ನಾನು ಶಾಲಾ ಶಿಕ್ಷಕ. ಹಣವಂತರು ಯಾರೂ ಇಲ್ಲ. ಕುದಾಪುರದ ಸುತ್ತಿನ ಕಾವಲಿನಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದ ದೊಡ್ಡ ಸಂಸ್ಥೆಗಳು ನೆಲೆಸಿವೆ. ಅವುಗಳ ಕಣಜದ ಮುಂದೆ ನಮ್ಮದು ಅಡಕಲಿನ ಮೇಲಿನ ಪುಟ್ಟ ಮಡಕೆ. ಅಂಗೈಯಗಲದ ಒಂದು ಗಣಕ, ಅದಕ್ಕೆ ಜೋಡಿಸಿದ ಎರಡು ಹಾರ್ಡ್ ಡಿಸ್ಕ್, ಬಾನುಲಿ ಯಂತ್ರಕ್ಕೆಂದು ಮೊದಲೇ ಇದ್ದ 12 ವೋಲ್ಟಿನ ಬ್ಯಾಟರಿ, ಇಷ್ಟೇ ಸಾಮಗ್ರಿ. ಎಲ್ಲವೂ ಸೇರಿ 15 ವಾಟ್ ವಿದ್ಯುತ್ತನ್ನು ಬಳಸಿದರೆ ದಿನಕ್ಕೆ 360 ವಾಟ್-ಗಂಟೆಯಾಯಿತು. 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,200 ವಾಟ್-ಗಂಟೆ ಇರುತ್ತದೆ. ಊರಿನಲ್ಲಿ ದೀಪ ಹೋದರೂ ಹಗೇವಿನ ದೀಪ ಆರದು.

ಮನೆಯ ಜಾಲಕ್ಕೆ ಸೇರಿಸಿದ ಇಂತಹ ಪೆಟ್ಟಿಗೆಗೆ ನೆಟ್‌ವರ್ಕ್ ಸ್ಟೋರೇಜ್ ಎಂದು ಹೆಸರು. ಯಾವ ಕೋಣೆಯ ಯಾವ ಗಣಕದಿಂದಲಾದರೂ ಅದರೊಳಗೆ ಇಡಬಹುದು, ತೆಗೆಯಬಹುದು. ಸಿದ್ಧಪಡಿಸಿದ ಪೆಟ್ಟಿಗೆಗಳು ಅಂಗಡಿಯಲ್ಲಿಯೂ ಸಿಗುತ್ತವೆ. ಆದರೆ ಅವುಗಳ ಒಳಗಿನ ತಂತ್ರಾಂಶ ಬಹುಮಟ್ಟಿಗೆ ತಯಾರಕನ ಸ್ವತ್ತು. ಅವನು ಅಂಗಡಿ ಮುಚ್ಚಿದರೆ ಹಗೇವು ನಮ್ಮ ಹಿತ್ತಿಲಿನಲ್ಲಿ, ಕೀಲಿಕೈ ಪರವೂರಿನಲ್ಲಿ ಎಂಬಂತಾಗುತ್ತದೆ. ನಾವು ಬಳಸಿದ್ದು ಮುಕ್ತ ತಂತ್ರಾಂಶ. ಓಪನ್ ಮೀಡಿಯಾ ವಾಲ್ಟ್ ಎಂಬ ಅದು 2011ರಲ್ಲಿ ಹೊರಬಂದಿತು. ಅದಕ್ಕೆ ತಳಹದಿಯಾದ ಲಿನಕ್ಸನ್ನು ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯತೊಡಗಿದ. ಬೇರೆಬೇರೆ ಬಗೆಯ ಗಣಕಗಳು ಒಂದೇ ಉಗ್ರಾಣವನ್ನು ಹಂಚಿಕೊಳ್ಳುವಂತೆ ಮಾಡುವ ಸಾಂಬಾ ಎಂಬುದನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ತೊಡಗಿಸಿದರು. ಇವುಗಳ ಒಳಗುಟ್ಟು ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ನೆರೆಯವನಿಗೆ ಕೊಡಬಹುದು. ನಮ್ಮ ನೇಕಾರ ಮಿತ್ರರು ಇದನ್ನು ಕೇಳಿ, "ಮಗ್ಗದ ಜೊತೆಗೆ ಸೀರೆಯ ನಕ್ಷೆಯನ್ನೂ ಕೊಟ್ಟರಲ್ಲ, ಮೇಷ್ಟ್ರೇ!" ಎಂದರು. ಗುಪ್ತಭಾಷೆಯನ್ನು ಒಲ್ಲದ ಹವ್ಯಾಸಕ್ಕೆ ಗುಟ್ಟಿಲ್ಲದ ತಂತ್ರಾಂಶವೇ ತಕ್ಕ ಜೋಡಿ.

ಎಷ್ಟು ಜಾಗ ಬೇಕು? ಲೆಕ್ಕ ಹಾಕಿದರೆ ಬೆರಗಾಗುತ್ತದೆ. ದಿನಚರಿಯ ಒಂದು ಸಾಲಿಗೆ 150 ಬೈಟು ಸಾಕು. ಜೀವಮಾನದ 20,000 ಸಂಭಾಷಣೆಗಳಿಗೆ 30 ಲಕ್ಷ ಬೈಟು. ಕೈಫೋನಿನಲ್ಲಿ ತೆಗೆದ ಒಂದೆರಡು ಚಿತ್ರಗಳಷ್ಟೇ ಆಯಿತು! ಕನ್ನಡದಲ್ಲಿ ಬರೆದರೆ ಸ್ವಲ್ಪ ಹೆಚ್ಚು. ಗಣಕದ ಸಾಮಾನ್ಯ ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ಆದರೆ ಅಲೆಗಳನ್ನೇ ಹಿಡಿದಿಡಲು ಹೊರಟರೆ ಹಗೇವು ಬಾಯ್ದೆರೆಯುತ್ತದೆ. ಸೆಕೆಂಡಿಗೆ 20 ಲಕ್ಷ ಮಾದರಿಗಳು, ಒಂದೊಂದಕ್ಕೆ 2 ಬೈಟು ಎಂದರೆ ಗಂಟೆಗೆ 14 ಗಿಗಾಬೈಟಿಗೂ ಮೀರುತ್ತದೆ. 1,000 ಗಿಗಾಬೈಟಿನ ಡಿಸ್ಕು ಮೂರು ದಿನಕ್ಕೂ ಸಾಲದು. ಆದುದರಿಂದ ಆರಿಸಿ ಇಡಬೇಕು. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿದ ಹ್ಯಾಮ್‌ಸ್ಯಾಟ್, ಹವ್ಯಾಸಿಗಳಿಗೆಂದೇ ಇಸ್ರೋ ಕಳುಹಿಸಿದ ಪುಟ್ಟ ಉಪಗ್ರಹ. ಒಂಬತ್ತು ವರ್ಷ ಅದು ನಮ್ಮ ಮಾತನ್ನು ಹೊತ್ತು 2014ರಲ್ಲಿ ಮೌನವಾಯಿತು. ಅದರ ದನಿ ಇನ್ನು ಆಕಾಶದಲ್ಲಿ ಇಲ್ಲ. ಹವ್ಯಾಸಿಗಳು ಹಿಡಿದಿಟ್ಟಷ್ಟೇ ಉಂಟು.

ಎರಡು ಡಿಸ್ಕುಗಳಿವೆ, ಒಂದು ಕೆಟ್ಟರೆ ಇನ್ನೊಂದಿದೆ ಎಂದು ನಿಶ್ಚಿಂತರಾಗಿರುವುದು ತರವಲ್ಲ. ಎರಡನ್ನೂ ಕನ್ನಡಿಯಂತೆ ಜೋಡಿಸಿದರೆ ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ. ಒಂದರಲ್ಲಿ ಅಳಿಸಿದುದು ಇನ್ನೊಂದರಲ್ಲಿಯೂ ಅಳಿಯುತ್ತದೆ. ಮುಖ ಹೊರಟುಹೋದ ಮೇಲೆ ಕನ್ನಡಿಯಲ್ಲಿ ಏನು ಉಳಿದೀತು? ಅದಕ್ಕಾಗಿ ಬೇರೆ ಊರಿನಲ್ಲಿ ಬೇರೆ ಪ್ರತಿ ಇರಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ದೂರದಲ್ಲಿ ಎಂಬುದು ಬಲ್ಲವರ ಸೂತ್ರ.

ಈ ಸೂತ್ರವನ್ನು ನಾವು ಹೊರಗಿನಿಂದ ಕಲಿಯಬೇಕಾಗಿರಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದೇ ಮಾತು ಹತ್ತಿರದ ಸಿದ್ದಾಪುರದಲ್ಲಿದೆ. ಅದೇ ಮಾತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಇದೆ. 2,200ಕ್ಕೂ ಹೆಚ್ಚು ವರ್ಷಗಳ ಬಿಸಿಲು ಮಳೆಗಳಿಗೆ ಜಟಿಂಗ ರಾಮೇಶ್ವರದ ಪ್ರತಿ ಬಹಳವಾಗಿ ಸವೆದಿದೆ. 1892ರಲ್ಲಿ ಬಿ. ಎಲ್. ರೈಸರು ಇವನ್ನು ಬೆಳಕಿಗೆ ತಂದಾಗ, ಒಂದರಲ್ಲಿ ಮಾಸಿದುದನ್ನು ಇನ್ನೊಂದರ ನೆರವಿನಿಂದ ಓದುವುದು ಸಾಧ್ಯವಾಯಿತು. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, 'ಲಿಪಿಕಾರ' ಎಂಬ ಪದವನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಅದು ಅವನ ಕರೆಸಂಕೇತವೆಂದೇ ತೋರುತ್ತದೆ. ದೂರದೇಶದವನೊಬ್ಬ, ತಾನು ಇಲ್ಲಿದ್ದೆನೆಂದು ಒಂದು ಪದದಲ್ಲಿ ತಿಳಿಸಿ ಮೌನವಾಗಿದ್ದಾನೆ.

ನಮ್ಮ ಪ್ರತಿಗಳೂ ಮೂರು: ಮೊಳಕಾಲ್ಮೂರಿನಲ್ಲಿ ಒಂದು, ಚಳ್ಳಕೆರೆಯಲ್ಲಿ ಒಂದು, ಬೆಂಗಳೂರಿನ ಬಂಧುಗಳ ಮನೆಯಲ್ಲಿ ಒಂದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆಟ್ಟಿಗೆಗಳು ಒಂದನ್ನೊಂದು ವಿಚಾರಿಸಿಕೊಂಡು, ಬದಲಾದ ಭಾಗವನ್ನಷ್ಟೇ ಕಳುಹಿಸಿಕೊಳ್ಳುತ್ತವೆ. ಆರ್‌ಸಿಂಕ್ ಎಂಬ ಈ ಉಪಾಯವನ್ನು ಆ ಟ್ರಿಡ್ಜೆಲ್ ಅವರೇ ಸಂಗಾತಿಯೊಬ್ಬರೊಡನೆ ಸೇರಿ 1996ರಲ್ಲಿ ಕೊಟ್ಟರು. ಒಯ್ದುದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಎಣಿಕೆಯುಂಟು. ಕುರಿಗಾಹಿ ಸಂಜೆ ಹಟ್ಟಿಗೆ ಬಂದು ತಲೆ ಎಣಿಸುವಂತೆ, ಯಂತ್ರವೂ ಕಡತದ ಬೈಟುಗಳಿಂದ ಒಂದು ಮೊತ್ತವನ್ನು ತೆಗೆದು ಹೋಲಿಸುತ್ತದೆ. ಮೊತ್ತ ತಪ್ಪಿದರೆ ಎಲ್ಲಿಯೋ ಒಂದು ಮರಿ ತಪ್ಪಿಸಿಕೊಂಡಿದೆ ಎಂದು ಅರ್ಥ.

ದೊಡ್ಡವರ ಕಣಜವಿರುವಾಗ ಇಷ್ಟು ಶ್ರಮವೇಕೆ ಎನ್ನಬಹುದು. ಅಮೆರಿಕದ ಹವ್ಯಾಸಿಗಳ ರಾಷ್ಟ್ರೀಯ ಸಂಘ 1914ರಲ್ಲಿ ಹುಟ್ಟಿದುದು. ಜಗತ್ತಿನ ಹವ್ಯಾಸಿಗಳು ದಿನಚರಿಯನ್ನು ಕಳುಹಿಸಿಡುವ ವ್ಯವಸ್ಥೆಯನ್ನು ಅದು 2003ರಿಂದ ನಡೆಸುತ್ತ ಬಂದಿದೆ. 2024ರ ಮೇ ತಿಂಗಳಲ್ಲಿ ಕಳ್ಳರು ಅದರ ಗಣಕಜಾಲಕ್ಕೆ ನುಗ್ಗಿ ಬೀಗ ಹಾಕಿ ಹಣ ಕೇಳಿದರು. ಸಂಘ 10 ಲಕ್ಷ ಡಾಲರು ತೆರಬೇಕಾಯಿತು. ಹವ್ಯಾಸಿಗಳ ದಿನಚರಿ ಕೆಡಲಿಲ್ಲವೆಂಬುದು ಸಮಾಧಾನ. ಆದರೆ ಹಲವು ವಾರ ಅದರ ಬಾಗಿಲು ಮುಚ್ಚಿತ್ತು. ಹೆರವರ ಕಣಜವನ್ನು ಬಳಸಬಾರದೆಂದಲ್ಲ. ಮನೆಯಲ್ಲಿ ಒಂದು ಮಡಕೆ ಇದ್ದರೆ ಬಾಗಿಲು ಮುಚ್ಚಿದ ದಿನವೂ ಒಲೆ ಉರಿಯುತ್ತದೆ.

ಈಗ ಆ 11 ಪುಸ್ತಕಗಳ ಪುಟಪುಟವೂ ಹಗೇವಿನಲ್ಲಿದೆ. ಚಿತ್ರ ತೆಗೆದವರು ನಮ್ಮ ಶಾಲೆಯ ಮಕ್ಕಳು. 2004ರ ಡಿಸೆಂಬರಿನ ಕೊನೆಯ ವಾರದ ಪುಟಗಳನ್ನು ತಿರುವುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಕೂಗಿ ಕರೆದಳು. ಅಲ್ಲಿ ಮಿತ್ರರ ಕೈಬರಹದಲ್ಲಿ, ಅಂಡಮಾನಿನ ಕರೆಸಂಕೇತದ ಎದುರಿಗೆ, "ಕೇಳಿದೆ, ನಡುವೆ ಮಾತನಾಡಲಿಲ್ಲ" ಎಂದಿತ್ತು. ಅಪಾಯದಲ್ಲಿರುವವರಿಗೆ ದಾರಿ ಬಿಟ್ಟು ಸುಮ್ಮನಿರುವುದು ಹವ್ಯಾಸಿಯ ಮೊದಲ ಕರ್ತವ್ಯ. ಅದನ್ನು ಅವರು ನಮಗೆ ಎಷ್ಟೋ ಸಲ ಬಾಯಿಮಾತಿನಲ್ಲಿ ಹೇಳಿದ್ದರು. ಆ ಹುಡುಗಿ ಅವರನ್ನು ಕಂಡವಳಲ್ಲ, ಆದರೂ ಅದೇ ಪಾಠವನ್ನು ಅವರಿಂದಲೇ ಕಲಿತಳು.

ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದು ಬರಹ ಬಾರದೆ ಕಾಡುಗೊಲ್ಲರ ಸಾವಿರಾರು ಪದಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡಿದ್ದರು. ಕೇಳಿ ಬರೆದುಕೊಂಡವರಿದ್ದುದರಿಂದ ಅವು ಅಷ್ಟಿಷ್ಟು ಉಳಿದವು. ನೆನಪು, ಬಂಡೆ, ಕಾಗದ, ಡಿಸ್ಕು ಇವೆಲ್ಲವೂ ಪಾತ್ರೆಗಳೇ, ಯಾವುದೂ ಶಾಶ್ವತವಲ್ಲ. ಡಿಸ್ಕಿನ ಆಯುಸ್ಸು ಬಂಡೆಯ ಆಯುಸ್ಸಿಗೆ ಯಾವ ಸಾಟಿ? ಕೆಲವೇ ವರ್ಷಗಳಿಗೊಮ್ಮೆ ಹಳೆಯದನ್ನು ಕಳಚಿ ಹೊಸದಕ್ಕೆ ಸುರಿಯಬೇಕು. ನಡುನಡುವೆ ತೆರೆದು, ಇಟ್ಟದ್ದು ಓದಲು ಬರುತ್ತದೆಯೇ ಎಂದು ನೋಡಬೇಕು. ಹೀಗೆ ತೆರೆದು ನೋಡುವ ಕೆಲಸವನ್ನು ನಮ್ಮಲ್ಲಿ ತಿಂಗಳಿಗೊಬ್ಬರಂತೆ ಹಂಚಿಕೊಂಡಿದ್ದೇವೆ. ಈ ತಿಂಗಳ ಸರದಿ ಲೈನ್‌ಮನ್ ಮಿತ್ರರದು, ಮುಂದಿನ ತಿಂಗಳು ಆ ಹುಡುಗಿಯದು.