ಹಿಂದಕ್ಕೆ ಬಾಯಿ ತೆರೆದ ಕಹಳೆಗಳು

ಇರುವೆಗಳು ಸಾಲುಗಟ್ಟಿ ಹೋಗುವ ಇಂಗ್ಲಿಷ್ ಶಿಶುಗೀತೆಯೊಂದಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಹಾಡಿರಬಹುದು. ನನ್ನ ಮಗಳಿಗಂತೂ ಎಲ್‌ಕೆಜಿಯಿಂದ ಬಾಯಿಪಾಠ. ಆ ಧಾಟಿಯ ಬೆನ್ನು ಹತ್ತಿದರೆ 1863ರ ಅಮೆರಿಕಕ್ಕೆ, ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧಕ್ಕೆ ಹೋಗಿ ಮುಟ್ಟುತ್ತೇವೆ. ಬಾಸ್ಟನ್ನಿನ ಬ್ಯಾಂಡ್‌ಮಾಸ್ಟರ್ ಪ್ಯಾಟ್ರಿಕ್ ಗಿಲ್ಮೋರ್, ಯುದ್ಧಕ್ಕೆ ಹೋದ ಜಾನಿಯ ಬರವನ್ನು ಊರೆಲ್ಲ ಕಾಯುವ ಹಾಡೊಂದನ್ನು ಆ ವರ್ಷ ಲೂಯಿ ಲ್ಯಾಂಬರ್ಟ್ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ. ಧಾಟಿಯನ್ನು ಯಾರೋ ಗುನುಗುತ್ತಿದ್ದಾಗ ಕೇಳಿ ಹಿಡಿದದ್ದೆಂದು ಆಮೇಲೆ ಅವನೇ ಹೇಳಿಕೊಂಡ.

"ಜಾನಿ ವಾಪಸ್ ಬಂದನಾ ಅಪ್ಪಾ?" ಎಂದು ಮಗಳು ಕೇಳಿದಳು. ಆ ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಎಂಟು ವರ್ಷದ ಮಗುವಿಗೆ ಏನೆಂದು ಹೇಳುವುದು? ಬ್ಯಾಂಡಿನ ಕಥೆ ಹೇಳಿದೆ.

ಹಳೆಯ ಕಹಳೆಯಲ್ಲಿ ಹೊರಡುತ್ತಿದ್ದುದು ಕೆಲವೇ ಸ್ವರಗಳು. 1810ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ವ್ ಬಂತು. ಗುಂಡಿ ಒತ್ತಿದರೆ ಗಾಳಿಯ ಹಾದಿ ಉದ್ದವಾಗಿ ಸ್ವರ ಬದಲಾಗುತ್ತದೆ. 1840ರ ದಶಕದಲ್ಲಿ ಪ್ಯಾರಿಸ್‌ನ ಅಡಾಲ್ಫ್ ಸ್ಯಾಕ್ಸ್ ಇಂಥ ಹಿತ್ತಾಳೆ ವಾದ್ಯಗಳ ಒಂದು ಕುಟುಂಬವನ್ನೇ ಮಾಡಿಟ್ಟ. ನಮ್ಮ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನವರ ವಾದ್ಯ ಮುಂದಕ್ಕೋ ಮೇಲಕ್ಕೋ ಬಾಯಿ ತೆರೆದಿರುತ್ತದೆ. ಅಮೆರಿಕದ ಸೈನ್ಯದಲ್ಲಿ ಎಷ್ಟೋ ವಾದ್ಯಗಳನ್ನು ಹೆಗಲ ಮೇಲಿಟ್ಟು ಹಿಂದಕ್ಕೆ ಊದುತ್ತಿದ್ದರು. ಬ್ಯಾಂಡು ಮುಂದೆ, ಕೇಳಬೇಕಾದ ಸಿಪಾಯಿಗಳು ಹಿಂದೆ!

ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳುವ ಸಭೆಗಳಲ್ಲೂ ಬ್ಯಾಂಡು ಬೇಕಿತ್ತು. ಕಾಲು ತಾನಾಗಿ ಹೆಜ್ಜೆ ಹಾಕಿದ ಮೇಲೆ ತಲೆ ಯೋಚಿಸುವುದು ಕಡಿಮೆ. ಇದು ನನಗೆ ಇಂದಿಗೂ ಭಯ ಹುಟ್ಟಿಸುವ ಸಂಗತಿ. ಖರ್ಚು ವಿಪರೀತವಾಯಿತೆಂದು 1862ರ ಜುಲೈನಲ್ಲಿ ಉತ್ತರದ ಸರ್ಕಾರ ರೆಜಿಮೆಂಟ್ ಬ್ಯಾಂಡುಗಳನ್ನು ರದ್ದುಮಾಡಿ, ಬ್ರಿಗೇಡಿಗೊಂದರಂತೆ ಉಳಿಸಿತು.

ಕಾಳಗ ಶುರುವಾದರೆ ವಾದ್ಯ ಕೆಳಗಿಟ್ಟು ಗಾಯಾಳುಗಳನ್ನು ಹೊರುವುದೂ ಬ್ಯಾಂಡಿನವರ ಕೆಲಸವೇ. ದಕ್ಷಿಣದವರ 26ನೇ ನಾರ್ತ್ ಕೆರೊಲಿನಾ ರೆಜಿಮೆಂಟಿನ ವಾದಕರು ಸೇಲಂ ಊರಿನ ಮೊರೇವಿಯನ್ ಚರ್ಚಿನಲ್ಲಿ ಊದಿ ಪಳಗಿದವರು. 1863ರ ಜುಲೈ 1ರಂದು ಗೆಟಿಸ್‌ಬರ್ಗ್‌ನಲ್ಲಿ ಅವರ ರೆಜಿಮೆಂಟಿನ ನೂರಾರು ಮಂದಿ ನೆಲಕಚ್ಚಿದರು. ಸ್ವಂತ ಊರಿನ ಕಡೆಯ ಹುಡುಗರ ಗಾಯ ಕಟ್ಟುತ್ತಿದ್ದವರಿಗೆ ಮರುದಿನ ಅಪ್ಪಣೆ ಬಂತು: ಉಳಿದವರ ಮನಸ್ಸು ಕುಸಿದಿದೆ, ಬಂದು ನುಡಿಸಿ. ಅಂದು ಫಿರಂಗಿ ಗುಂಡುಗಳ ನಡುವೆ ದಕ್ಷಿಣದವರ ಬ್ಯಾಂಡೊಂದು ಪೋಲ್ಕಾ, ವಾಲ್ಟ್ಸ್ ನುಡಿಸಿದ್ದನ್ನು ಕೇಳಿ ವಿಚಿತ್ರವೆನಿಸಿತೆಂದು, ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಫ್ರೀಮ್ಯಾಂಟಲ್ ಬರೆದಿಟ್ಟಿದ್ದಾನೆ. ಸೇಲಂ ವಾದಕರ ಕೈಬರಹದ ಸ್ವರಪುಸ್ತಕಗಳು ಉಳಿದುಬಂದಿವೆ.

ಅದಕ್ಕೂ ಆರು ತಿಂಗಳ ಹಿಂದೆ, 1862ರ ಡಿಸೆಂಬರ್ 30ರ ರಾತ್ರಿ, ಟೆನೆಸಿಯ ಸ್ಟೋನ್ಸ್ ರಿವರ್ ಬಳಿ ಎರಡೂ ಸೈನ್ಯಗಳು ಕೂಗಳತೆಯಲ್ಲಿ ಬೀಡುಬಿಟ್ಟಿದ್ದವು. ಎರಡು ಕಡೆಯ ಬ್ಯಾಂಡುಗಳೂ ಪೈಪೋಟಿಯಿಂದ ತಮ್ಮ ತಮ್ಮ ಹಾಡು ನುಡಿಸಿದವು. ಕೊನೆಗೆ ಒಂದು ಬ್ಯಾಂಡು 'ಹೋಮ್, ಸ್ವೀಟ್ ಹೋಮ್' ಎತ್ತಿಕೊಂಡಿತು. ಇನ್ನೊಂದು ಕಡೆಯವರೂ ಅದನ್ನೇ ನುಡಿಸತೊಡಗಿದರು. ಕತ್ತಲಲ್ಲಿ ಸಾವಿರಾರು ಸಿಪಾಯಿಗಳು, ಇಬ್ಬದಿಯವರೂ, ದನಿಗೂಡಿಸಿದರು. ಬೆಳಗಾಗುತ್ತಲೇ ಯುದ್ಧ ಆರಂಭವಾಯಿತು. ಅದು ಮುಗಿಯುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23,000ಕ್ಕೂ ಹೆಚ್ಚು.